ಅತ್ತೆಯ ಕಾಲು, ಲೋಟದ ಲೋಳೆ

ನಾಗಪುರದ ಮೇ ತಿಂಗಳಲ್ಲಿ ಯಾರೂ ಮನೆಯೊಳಗೆ ಕಾಲುಚೀಲ ಹಾಕಿಕೊಂಡು ಓಡಾಡುವುದಿಲ್ಲ. ಅತ್ತೆ ಹಾಕಿಕೊಂಡಿದ್ದರು. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗುವಂಥ ಬಿಸಿಲು. ಒಳಗೆ ಕೂಲರು ಗುರ್ರೆನ್ನುತ್ತ ಹಸಿ ಹುಲ್ಲಿನ ವಾಸನೆಯ ಗಾಳಿ ಬೀಸುತ್ತಿತ್ತು. ಅವರು ಬೂದು ಬಣ್ಣದ ದಪ್ಪ ಕಾಲುಚೀಲ ತೊಟ್ಟು, ಕುರ್ಚಿಯಲ್ಲಿ ಕೂತು ಹೀರೇಕಾಯಿ ಹೆರೆಯುತ್ತಿದ್ದರು.

"ಸೆಖೆ ಆಗ್ತಿಲ್ವಾ ಅತ್ತೆ?" ಎಂದು ಕೇಳಿದೆ.

"ಕೂಲರ್ ಗಾಳಿ ಕಾಲಿಗೆ ತಂಪಾಗತೈತವಾ. ವಯಸ್ಸಾತಲ್ಲ."

ನಾನು ನಂಬಿದೆ. ಅವರ ಮಾತನ್ನು ನಂಬದೆ ಇರುವುದು ಕಷ್ಟ. ಗದಗಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಏನು ಹೇಳಿದರೂ ಹಲಗೆಯ ಮೇಲೆ ಬರೆದು ಅಡಿಗೆರೆ ಎಳೆದ ಹಾಗೆ ಇರುತ್ತದೆ. ಮಾವ ತೀರಿಕೊಂಡ ಮೇಲೆ, ಯಾರೂ ಕರೆಯುವುದಕ್ಕೆ ಮುಂಚೆಯೇ ಎರಡು ಟ್ರಂಕು ಕಟ್ಟಿಕೊಂಡು ಧರಮಪೇಠದ ನಮ್ಮ ಮನೆಗೆ ಬಂದಿದ್ದರು. ನನ್ನ ಗಂಡ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಾರೆ. ನಾನು ಮೈಸೂರಿನವಳು. ಇಲ್ಲಿನ ಒಂದು ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ನನ್ನ ಕೆಲಸ.

ಕೆಲವು ದಿನಗಳ ನಂತರ ಒಂದು ಸಂಜೆ ಕೆಲಸ ಮುಗಿಸಿ ಬಂದು ಬಾಗಿಲು ತೆರೆದಾಗ ಒಂದು ವಾಸನೆ ಮೂಗಿಗೆ ಬಡಿಯಿತು. ಅತಿಯಾಗಿ ಹಣ್ಣಾದ ದ್ರಾಕ್ಷಿಯಂಥ ಸಿಹಿ ವಾಸನೆ. ಆ ವಾಸನೆ ನನಗೆ ಚೆನ್ನಾಗಿ ಗೊತ್ತಿತ್ತು. ಪ್ರಯೋಗಾಲಯದಲ್ಲಿ ನಾನು ಬೆಳೆಸುವ ಒಂದು ಬ್ಯಾಕ್ಟೀರಿಯಾದ ವಾಸನೆ ಅದು. ಅದರ ತಟ್ಟೆಗಳನ್ನು ಇಟ್ಟ ಪೆಟ್ಟಿಗೆಯ ಬಾಗಿಲು ತೆಗೆದರೆ ಹೀಗೇ ಬರುತ್ತದೆ. ನನ್ನ ಬಟ್ಟೆಗೆ ಏನಾದರೂ ಅಂಟಿದೆಯೇನೋ ಎಂದು ಮೊದಲು ಕುರ್ತಾದ ತೋಳು ಮೂಸಿ ನೋಡಿಕೊಂಡೆ. ಅಲ್ಲ. ವಾಸನೆ ಬರುತ್ತಿದ್ದದ್ದು ಕೂಲರಿನ ಮುಂದೆ ಕಣ್ಣು ಮುಚ್ಚಿ ಕೂತಿದ್ದ ಅತ್ತೆಯ ಕಡೆಯಿಂದ.

"ಕಾಲುಚೀಲ ತೆಗೀರಿ ಅತ್ತೆ."

"ಯಾಕ?"

"ತೆಗೀರಿ."

ನನ್ನ ದನಿಯಲ್ಲಿ ಏನಿತ್ತೋ, ಅವರು ವಾದಿಸಲಿಲ್ಲ. ಬಲಗಾಲಿನ ಕಾಲುಚೀಲ ಅಂಗಾಲಿಗೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಬಿಡಿಸಬೇಕಾಯಿತು. ಬೆರಳುಗಳ ಬುಡದಲ್ಲಿ, ಅಂಗಾಲಿನ ಮೇಲೆ, ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಸಿನ ಒಣಗಿ ಹಕ್ಕಳೆಗಟ್ಟಿತ್ತು. ಅದರ ಅಂಚಿನಿಂದ ತೆಳ್ಳಗೆ ಹಸಿರು ಬಣ್ಣದ ಕೀವು ಒಸರುತ್ತಿತ್ತು. ಅವರಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಅಂಗಾಲಿನಲ್ಲಿ ಸ್ಪರ್ಶವೇ ಇರಲಿಲ್ಲವಾದ್ದರಿಂದ ನೋವೂ ಇರಲಿಲ್ಲ. ಹೊಸ ಚಪ್ಪಲಿಯ ಒಂದು ಮೊಳೆ ಚುಚ್ಚಿದ್ದು ಅವರಿಗೆ ತಿಳಿದದ್ದು ನೆಲದ ಮೇಲೆ ಬಿದ್ದ ರಕ್ತದ ಕಲೆಯಿಂದಂತೆ.

ಹಬ್ಬಹುಣ್ಣಿಮೆಗೆಲ್ಲ ನಾನು ಆ ಕಾಲಿಗೆ ನಮಸ್ಕಾರ ಮಾಡಿದ್ದೇನೆ. ಅಂಗಾಲನ್ನು ನೋಡಿದ್ದು ಅದೇ ಮೊದಲು.

ಮನೆ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಡಾಕ್ಟರು ಗಾಯ ತೊಳೆದು, ಪಟ್ಟಿ ಕಟ್ಟಿ, ಆಂಟಿಬಯಾಟಿಕ್ ಬರೆದುಕೊಟ್ಟರು. ಸಕ್ಕರೆ ಹತೋಟಿಗೆ ಬರಬೇಕು ಎಂದು ಬೈದರು. ಕೆಂಪು ಇಳಿಯಿತು, ವಾಸನೆ ನಿಂತಿತು. ಗುಳಿಗೆ ಮುಗಿದ ಸ್ವಲ್ಪ ದಿನಕ್ಕೆ ಎರಡೂ ಮತ್ತೆ ಬಂದವು. ಬೇರೆ ಗುಳಿಗೆ ಕೊಟ್ಟರು. ಮತ್ತೆ ಅದೇ ಕತೆ.

"ಔಷಧ ತಗೊಂಡಾಗ ಹೋಗತೈತಿ, ಬಿಟ್ಟ ಕೂಡಲೇ ಬರತೈತಿ. ಎಲ್ಲಿ ಅಡಗಿ ಕೂಡತೈತಿ ಇದು?" ಎಂದು ಅತ್ತೆ ಒಂದು ಭಾನುವಾರ ಕೇಳಿದರು. ಗೊಣಗಾಟವಲ್ಲ, ನಿಜವಾದ ಪ್ರಶ್ನೆ.

ನಾನು ಅವರನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ, ಕಿಟಕಿಗೆ ಹೊರಗಿನಿಂದ ಕೂರಿಸಿದ್ದ ಕೂಲರಿನ ಪಕ್ಕದ ಜಾಲರಿ ತೆಗೆದೆ. ಅದರ ನೀರಿನ ತೊಟ್ಟಿಯ ಒಳಗೋಡೆಗೆ ಬೆರಳು ತಿಕ್ಕಿ ತೋರಿಸಿದೆ. ಬೆರಳ ತುದಿಯಲ್ಲಿ ಕಂದು ಬಣ್ಣದ ಲೋಳೆ.

"ನೀರು ಚೆಲ್ಲಿ ಹೊಸ ನೀರು ಹಾಕಿದ್ರೂ ಇದು ಹೋಗಲ್ಲ ಅಲ್ವಾ? ನೀರಲ್ಲಿ ತೇಲೋ ಬ್ಯಾಕ್ಟೀರಿಯಾ ಒಂದು ಥರ, ಗೋಡೆಗೆ ಅಂಟ್ಕೊಂಡಿರೋವು ಇನ್ನೊಂದು ಥರ. ಅಂಟ್ಕೊಂಡೋವು ಸುತ್ತ ಲೋಳೆ ಕಟ್ಕೊಂಡು ಅದರೊಳಗೆ ಕೂತಿರ್ತವೆ. ಔಷಧ ಮೇಲಿನವನ್ನ ಕೊಲ್ಲುತ್ತೆ, ಒಳಗಿನವು ಉಳ್ಕೊಳ್ಳುತ್ತವೆ. ಗಾಯದಲ್ಲೂ ಇದೇ ಆಗಿರಬಹುದು."

ಬಯೋಫಿಲ್ಮ್ ಎನ್ನುವ ಹೆಸರನ್ನೂ ಹೇಳಿದೆ. ಆ ಹೆಸರು ಅವರಿಗೆ ಹಿಡಿಸಲಿಲ್ಲ. "ಲೋಳಿ ಅಂದ್ರ ಸಾಕು" ಎಂದರು. ಆಮೇಲೆ ನನ್ನ ಮುಖವನ್ನೇ ನೋಡುತ್ತ ನಿಂತರು.

"ಅಲ್ಲವಾ, ನೀ ದಿನಾ ಹೋಗಿ ಮಾಡೂದು ಇದರದ್ದ ಕೆಲಸ ಅಲ್ಲೇನು? ಗಿಡದ ಸಾರ ತಗದು ಈ ಲೋಳಿ ಬರದಂಗ ಮಾಡೂದು?"

ಹೌದು. ನನ್ನ ಕೆಲಸ ಅದೇ. ಈ ಜೀವಿಗಳು ಒಂಟಿಯಾಗಿರುವಾಗ ಲೋಳೆ ಕಟ್ಟುವುದಿಲ್ಲ. ಸಣ್ಣ ಸಣ್ಣ ರಾಸಾಯನಿಕಗಳನ್ನು ಹೊರಬಿಡುತ್ತ, ಸುತ್ತಮುತ್ತ ತಮ್ಮವರು ಎಷ್ಟು ಮಂದಿ ಇದ್ದಾರೆಂದು ಅಳೆಯುತ್ತಿರುತ್ತವೆ. ಸಾಕಷ್ಟು ಮಂದಿ ಸೇರಿದ್ದೇವೆಂದು ಗೊತ್ತಾದ ಮೇಲೆ ಎಲ್ಲವೂ ಕೂಡಿ ಕಟ್ಟಲು ಶುರುಮಾಡುತ್ತವೆ. ಲವಂಗ, ದಾಳಿಂಬೆ ಸಿಪ್ಪೆ, ದಾಲ್ಚಿನ್ನಿ, ಇಂಥವುಗಳ ಸಾರಕ್ಕೆ ಆ ಮಾತುಕತೆಯನ್ನು ಕೆಡಿಸುವ ಗುಣವಿದೆಯೇ ಎಂದು ನಾವು ಹುಡುಕುತ್ತಿದ್ದೆವು. ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿ, ನೇರಳೆ ಬಣ್ಣ ಹಾಕಿ ತೊಳೆಯುತ್ತೇವೆ. ಲೋಳೆ ಇದ್ದಲ್ಲಿ ಬಣ್ಣ ಉಳಿಯುತ್ತದೆ, ಇಲ್ಲದಲ್ಲಿ ತೊಳೆದುಹೋಗುತ್ತದೆ. ಲವಂಗ ಹಾಕಿದ ಗುಳಿಗಳು ಬೆಳ್ಳಗೆ ಉಳಿದಾಗ ನಾನು ಮನೆಗೆ ಬಂದು ಸಂಭ್ರಮದಿಂದ ಹೇಳಿಕೊಂಡದ್ದೂ ಉಂಟು.

"ಹಂಗಾರ ಅದನ್ನ ತಗೊಂಡ ಬಾ. ನನ್ನ ಕಾಲಿಗೆ ಹಚ್ಚು."

"ಆಗಲ್ಲ ಅತ್ತೆ."

"ಯಾಕ ಆಗೂದಿಲ್ಲ?"

"ಅದು ತಟ್ಟೇಲಿ ಕೆಲಸ ಮಾಡುತ್ತೆ. ಗಾಯಕ್ಕೆ ಹಾಕಿದ್ರೆ ಏನಾಗುತ್ತೆ ಅಂತ ನನಗೆ ಗೊತ್ತಿಲ್ಲ. ಲವಂಗದ ಎಣ್ಣೆ ಚರ್ಮ ಸುಡುತ್ತೆ. ನಿಮಗೆ ಸುಟ್ಟದ್ದೂ ಗೊತ್ತಾಗಲ್ಲ."

"ಹೊರಗಿನವರಿಗೆ ಆದ್ರ ಕೊಡತಿದ್ದಿ."

"ಯಾರಿಗೂ ಕೊಡ್ತಿರಲಿಲ್ಲ."

ಅವರು ಕುಂಟುತ್ತ ಒಳಗೆ ಹೋದರು. ಆ ವಾರ ನನ್ನ ಜೊತೆ ಮಾತು ಊಟ, ಹಾಲು, ಗ್ಯಾಸ್ ಸಿಲಿಂಡರಿಗಷ್ಟೇ ಸೀಮಿತವಾಯಿತು. ಗಂಡ ಇಬ್ಬರ ನಡುವೆ ಸಿಕ್ಕಿಹಾಕಿಕೊಂಡು, "ಸ್ವಲ್ಪ ಏನಾರ ತಂದುಕೊಡಬಾರದಾ, ಅವ್ವನ ಸಮಾಧಾನಕ್ಕ?" ಎಂದರು. ಸಮಾಧಾನಕ್ಕೆಂದು ಹಾಕಿದ ಅರಿಸಿನವೇ ಅಲ್ಲವೇ ಗಾಯವನ್ನು ಮುಚ್ಚಿಟ್ಟದ್ದು ಎಂದು ನಾನು ಕೇಳಿದೆ. ಕೇಳಿದ ಮೇಲೆ ನನಗೂ ನೆಮ್ಮದಿಯಿರಲಿಲ್ಲ. ಹಗಲೆಲ್ಲ ಗುಳಿಗಳಲ್ಲಿ ಇದೇ ಜೀವಿಯನ್ನು ಗೆಲ್ಲುತ್ತಿದ್ದೆ. ಸಂಜೆ ಮನೆಗೆ ಬಂದರೆ ಅದು ನಮ್ಮ ಹಜಾರದಲ್ಲಿ ಕೂತಿರುತ್ತಿತ್ತು, ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಅದೇ ಹೊತ್ತಿಗೆ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಗಾಜಿನ ಲೋಟಗಳು ಕಾಣಿಸಿಕೊಂಡವು. ಒಂದೊಂದರ ಕೊರಳಿಗೂ ಒಂದೊಂದು ಬಣ್ಣದ ದಾರ ಕಟ್ಟಿತ್ತು. ಮೇಲೆ ತಟ್ಟೆ ಮುಚ್ಚಿತ್ತು. ಬೆಳಿಗ್ಗೆ ಅತ್ತೆ ಒಂದೊಂದೇ ಲೋಟವನ್ನು ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ ನೋಡುವುದನ್ನು ಕಂಡೆ.

ಮೃಗಶಿರಾ ಮಳೆ ಇನ್ನೂ ಬಂದಿರಲಿಲ್ಲ. ಗಾಯ ಮೂರನೆಯ ಸಲ ಕೆರಳಿತು. ಹೆಬ್ಬೆರಳಿನ ಪಕ್ಕದ ಬೆರಳು ಊದಿ ಕಪ್ಪಗಾಯಿತು. ಕ್ಲಿನಿಕ್ಕಿನ ಡಾಕ್ಟರು ತಾವೇ ಚೀಟಿ ಬರೆದು ರಾಮದಾಸಪೇಠದ ಒಂದು ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಸರ್ಜನ್ ನಡುವಯಸ್ಸಿನ ಹೆಂಗಸು. ಪಟ್ಟಿ ಬಿಚ್ಚಿ, ತೆಳುವಾದ ಲೋಹದ ಕಡ್ಡಿಯಿಂದ ಗಾಯದ ಆಳ ನೋಡಿದರು. ಅತ್ತೆ ಮುಖ ಹಿಂಡಲಿಲ್ಲ. ನೋವಾಗದೆ ಇದ್ದದ್ದನ್ನು ಕಂಡು ಹೆದರಿದವರು ನಾವು.

"ಹಡ್ಡಿ ತಕ್ ಗಯಾ ಹೈ" ಎಂದರು ಸರ್ಜನ್. ಮೂಳೆಯವರೆಗೆ ಹೋಗಿದೆ. ಎಕ್ಸ್‌ರೇ ನೋಡಿ, ಆಪರೇಶನ್ ಕೋಣೆಯಲ್ಲಿ ಗಾಯವನ್ನು ಬಿಡಿಸಿ, ಸತ್ತ ಮಾಂಸವನ್ನೂ ಅಂಟಿಕೊಂಡ ಪದರವನ್ನೂ ಪೂರ್ತಿ ಕೆರೆದು ತೆಗೆಯಬೇಕು, ಬೆರಳು ಉಳಿಯುವ ಭರವಸೆ ಕೊಡಲಾರೆ, ಆದರೆ ತಡಮಾಡಿದರೆ ಪಾದದ ಭರವಸೆಯನ್ನೂ ಕೊಡಲಾರೆ ಎಂದರು. ರಕ್ತದ ಓಡಾಟ ಇನ್ನೂ ಚೆನ್ನಾಗಿದೆ, ಅದೇ ಪುಣ್ಯ.

ಅತ್ತೆ ಎದ್ದು ನಿಂತರು. "ನಡೀರಿ ಮನೀಗೆ" ಎಂದರು.

ಮನೆಗೆ ಬಂದು ನೀರು ಕುಡಿದ ಮೇಲೆ ಅವರೇ ಬಾಯಿಬಿಟ್ಟರು. ಅವರ ಅಣ್ಣನಿಗೂ ಸಕ್ಕರೆ ಕಾಯಿಲೆ ಇತ್ತಂತೆ. ಬೆರಳಿನ ಗಾಯಕ್ಕೆಂದು ಹುಬ್ಬಳ್ಳಿಯ ಆಸ್ಪತ್ರೆಗೆ ನಡೆದುಕೊಂಡೇ ಹೋದವರು. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ತನಕ. ಮನೆಗೆ ಹೊತ್ತು ತಂದರು. ಹೊಸ ವರ್ಷದ ಜೋಳ ಬರುವ ಹೊತ್ತಿಗೆ ಅಣ್ಣ ಇರಲಿಲ್ಲ.

"ಒಂದ ಸಲ ಕತ್ತರಿ ಮುಟ್ಟಿತಂದ್ರ ನಿಲ್ಲೂದಿಲ್ಲ. ನಾ ಹೋಗೂದಿಲ್ಲಪಾ" ಎಂದು ಮಗನಿಗೆ ಹೇಳಿದರು.

ಅವರ ಅಣ್ಣ ಗಾಯವಾಗಿ ಎಷ್ಟು ದಿನಕ್ಕೆ ಆಸ್ಪತ್ರೆಗೆ ಹೋದರೆಂದು ಕೇಳಬೇಕೆನ್ನಿಸಿತು. ಗಂಡ ತಾಯಿಯ ಪಕ್ಕ ನೆಲದ ಮೇಲೆ ಕೂತು ಅವರ ಮೊಣಕಾಲ ಮೇಲೆ ಕೈಯಿಟ್ಟುಕೊಂಡಿದ್ದರು. ಆ ಹೊತ್ತು ಪ್ರಶ್ನೆಯ ಹೊತ್ತಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಗಂಡ ಕಚೇರಿಗೆ ಹೋದ ಮೇಲೆ ಚಹಾ ಕುಡಿಯುವಾಗ ಅತ್ತೆ ನನ್ನನ್ನು ಕಿಟಕಿಕಟ್ಟೆಯ ಹತ್ತಿರ ಕರೆದರು. ಎಷ್ಟೋ ದಿನದ ಮೇಲೆ ಅವರಾಗಿಯೇ ಕರೆದದ್ದು.

"ಬಾ ಇಲ್ಲೆ. ಇವನ್ನ ನೋಡಿ ಹೇಳು."

ಲೋಟಗಳು ಎರಡು ಸಾಲಾಗಿ ನಿಂತಿದ್ದವು. ಎಲ್ಲದರಲ್ಲೂ ಕೂಲರಿನ ನೀರು. ಮುಂದಿನ ಸಾಲಿನವು ಬಿಸಿನೀರಿನಲ್ಲಿ ತೊಳೆದ ಚೊಕ್ಕ ಲೋಟಗಳು. ಅವಕ್ಕೆ ಮೊದಲ ದಿನದಿಂದಲೇ ಕಷಾಯ ಬೆರೆಸಿದ್ದರು, ಒಂದಕ್ಕೆ ಅರಿಸಿನ, ಒಂದಕ್ಕೆ ಬೇವು, ಒಂದಕ್ಕೆ ದಾಳಿಂಬೆ ಸಿಪ್ಪೆ, ಒಂದಕ್ಕೆ ಲವಂಗ. ಒಂದರಲ್ಲಿ ಬರೀ ನೀರು. ಹಿಂದಿನ ಸಾಲಿನವನ್ನು ಮೊದಲು ಕೂಲರಿನ ತೊಟ್ಟಿಯಲ್ಲೇ ಮುಳುಗಿಸಿಟ್ಟು, ಲೋಳೆ ಕಟ್ಟಿದ ಮೇಲೆ ತೆಗೆದು ಅವವೇ ಕಷಾಯ ಹಾಕಿದ್ದರು. ಹೋಲಿಸಿ ನೋಡಲೆಂದು ಬರೀ ನೀರಿನ ಲೋಟವನ್ನೂ ಇಟ್ಟಿದ್ದರು. ನನ್ನ ಪ್ರಯೋಗಾಲಯಕ್ಕೆ ಬರುವ ಎಷ್ಟೋ ವಿದ್ಯಾರ್ಥಿಗಳು ಅದನ್ನು ಮರೆಯುತ್ತಾರೆ.

ಅತ್ತೆ ಮುಂದಿನ ಸಾಲಿನ ಲವಂಗದ ಲೋಟ ಎತ್ತಿ ಒಳಗೆ ಬೆರಳಾಡಿಸಿದರು. ಕೀಚೆಂದು ಸದ್ದಾಯಿತು. "ಇದು ಸ್ವಚ್ಛ. ದಾಳಿಂಬಿದೂ ಪರವಾಗಿಲ್ಲ. ಬೇವು ಅಷ್ಟಕ್ಕಷ್ಟ. ಅರಿಶಿಣದ್ದು ನೋಡು, ಬಣ್ಣ ಮಾತ್ರ ಬಂದೈತಿ, ಲೋಳಿ ಬಂದ ಬಂದೈತಿ."

ಆಮೇಲೆ ಹಿಂದಿನ ಸಾಲಿನ ಲವಂಗದ ಲೋಟ ಕೊಟ್ಟರು. "ಇದನ್ನ ಮುಟ್ಟು."

ಮುಟ್ಟಿದೆ. ನೀರು ತಿಳಿಯಾಗಿತ್ತು. ಗಾಜಿಗೆ ಅಂಟಿದ ಲೋಳೆ ಮಾತ್ರ ಹಾಗೇ ಇತ್ತು, ಸ್ವಲ್ಪ ಕಪ್ಪಾಗಿ, ಇನ್ನಷ್ಟು ಗಟ್ಟಿಯಾಗಿ.

"ಮೊದಲ ಹಾಕಿದ್ರ ಬರಗೊಡೂದಿಲ್ಲ. ಬಂದು ಕೂತ ಮ್ಯಾಲೆ ಹಾಕಿದ್ರ ಬಿಡಸೂದಿಲ್ಲ. ಬರೋಬರ್ ಹೌದಿಲ್ಲ?"

"ಹೌದು ಅತ್ತೆ."

"ಈಗ ಇದು." ಹಿಂದಿನ ಸಾಲಿನ ಕೊನೆಯ ಲೋಟವೊಂದನ್ನು ಎತ್ತಿದರು. ಇದನ್ನು ತೆಂಗಿನ ನಾರಿನಿಂದ ಗಸಗಸ ತಿಕ್ಕಿ, ಆಮೇಲೆ ಲವಂಗದ ಕಷಾಯ ಹಾಕಿಟ್ಟಿದ್ದರಂತೆ. ಒಳಗೆ ಒಂದು ಎಳೆ ಲೋಳೆ ಇರಲಿಲ್ಲ.

ಲೋಟವನ್ನು ಕಟ್ಟೆಯ ಮೇಲಿಟ್ಟು, ಕ್ಲಾಸಿನಲ್ಲಿ ಹುಡುಗಿಯನ್ನು ಎಬ್ಬಿಸಿ ಕೇಳುವ ಹಾಗೆ ಕೇಳಿದರು. "ಹಂಗಾರ ನನ್ನ ಕಾಲು ಇದರಾಗ ಯಾವ ಲೋಟ?"

ಉತ್ತರವನ್ನೂ ಅವರೇ ಹೇಳಿದರು. "ಹಿಂದಿನ ಸಾಲಿಂದು. ತಿಕ್ಕಬೇಕಾಗತೈತಿ."

ಲೋಟ ಬೇರೆ, ಕಾಲು ಬೇರೆ, ಗಾಜಿಗೆ ರಕ್ತ ಇಲ್ಲ, ನರ ಇಲ್ಲ ಎಂದು ನಾನು ಏನೇನೋ ತೊದಲಿದೆ. ವಿಚಿತ್ರ ನೋಡಿ, ಅವರು ಆಪರೇಶನ್ನಿಗೆ ಒಪ್ಪಿಕೊಂಡ ಗಳಿಗೆಯಲ್ಲೇ ನನಗೆ ಭಯ ಶುರುವಾಗಿತ್ತು.

"ಅದೂ ಗೊತ್ತೈತಿ. ಹುಡುಗರಿಗೆ ಕಲಿಸಿದಾಕಿ ನಾನ. ಆದ್ರ ಇಷ್ಟರ ಮಟ್ಟಿಗೆ ಎರಡೂ ಒಂದ." ಲೋಟವನ್ನು ಮತ್ತೆ ಸಾಲಿಗೆ ಸರಿಸಿಟ್ಟರು. "ನಿನ್ನ ಗಂಡಗ ಫೋನ್ ಮಾಡು. ಆಫೀಸಿಗೆ ರಜಾ ಹಾಕಂತ ಹೇಳು."

ಆಪರೇಶನ್ನಿನ ದಿನ ಮೊದಲ ಮಳೆ ಬಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಜನ ಒದ್ದೆಯಾಗುತ್ತಲೇ ನಗುತ್ತ ನಿಂತಿದ್ದರು. ಗಂಡ ಪಡಸಾಲೆಯ ಬೆಂಚಿನಲ್ಲಿ ಅಂಗೈಗಳನ್ನು ಮೊಣಕಾಲ ನಡುವೆ ಸೇರಿಸಿಕೊಂಡು ಕೂತಿದ್ದರು. ಸರ್ಜನ್ ಹೊರಬಂದು ಮುಖಗವುಸು ಇಳಿಸಿ ಹೇಳಿದರು: ಒಂದು ಬೆರಳು ಉಳಿಸಲಾಗಲಿಲ್ಲ, ಅದರ ಮೂಳೆ ಕೊಳೆತಿತ್ತು. ಉಳಿದದ್ದನ್ನು ಚೊಕ್ಕವಾಗಿ ರಕ್ತ ಬರುವವರೆಗೆ ಕೆರೆದಿದ್ದೇನೆ. ಪಾದಕ್ಕೆ ಅಪಾಯವಿಲ್ಲ.

ಅತ್ತೆ ಕಣ್ಣು ಬಿಟ್ಟಾಗ ಮೊದಲು ಕೇಳಿದ್ದು, "ಎಷ್ಟು ತಗದ್ರು?"

ನಾನು ಹೇಳಿದೆ. "ಒಂದು ಬೆರಳು. ಹೆಬ್ಬೆರಳ ಪಕ್ಕದ್ದು. ಪಾದ ಇದೆ."

"ತೋರಸು."

ಹೊದಿಕೆ ಸರಿಸಿದೆ. ದಪ್ಪ ಬಿಳಿ ಪಟ್ಟಿಯೊಳಗೆ ಪಾದದ ಆಕಾರ ಕಾಣುತ್ತಿತ್ತು. ತಲೆಯೆತ್ತಿ ಬಹಳ ಹೊತ್ತು ನೋಡಿ ದಿಂಬಿಗೆ ಒರಗಿದರು.

"ಕಾಲುಂಗುರದ ಬೆರಳು" ಎಂದರು. "ಉಂಗುರ ಮೊದಲ ಹೋಗಿತ್ತು, ಈಗ ಬೆರಳು ಹೋತು."

ಮಾವ ಹೋದ ಮೇಲೆ ಕಾಲುಂಗುರ ತೆಗೆದಿಟ್ಟಿದ್ದರೂ ಆ ಬೆರಳಿನ ಬುಡದಲ್ಲಿ ಉಂಗುರ ಸವೆದ ಗುರುತು ಉಳಿದಿತ್ತೆಂದು ಆಮೇಲೆ ಗಂಡ ಹೇಳಿದರು. ಅತ್ತೆಯ ಕಣ್ಣಿನಿಂದ ನೀರು ಕಿವಿಯತ್ತ ಇಳಿಯುತ್ತಿತ್ತು. ಬೆರಳಿಗಾಗಿ ಅಳುತ್ತಿದ್ದಾರೆಂದುಕೊಂಡೆ.

"ನಮ್ಮ ಅಣ್ಣಗ ಯಾರೂ ಹೇಳಲೇ ಇಲ್ಲವಾ, ಜಲ್ದಿ ಹೋಗಬೇಕಂತ" ಎಂದರು. "ಕತ್ತರಿ ತಪ್ಪಲ್ಲ ಅದು. ನಾವ ತಡ ಮಾಡಿದ್ವಿ."

ಗಾಯ ಮಾಗಲು ಮಳೆಗಾಲ ಪೂರ್ತಿ ಹಿಡಿಯಿತು. ಕೆಲವು ವಾರಗಳ ನಂತರ ಸರ್ಜನ್ ಪಟ್ಟಿಯಡಿ ಹಚ್ಚಲು ಹೊಸ ಮುಲಾಮು ಬರೆದುಕೊಟ್ಟರು. ಔಷಧದಂಗಡಿಯವನು ಕೊಟ್ಟ ಟ್ಯೂಬಿನ ಮೇಲಿದ್ದದ್ದನ್ನು ಓದಿ ನಾನು ನಕ್ಕೆ. ಅತ್ತೆಗೆ ಓದಿ ಹೇಳಿದೆ.

"ಜೇನಾ?" ಅವರು ಹಾಸಿಗೆಯಲ್ಲಿ ಎದ್ದು ಕೂತರು. "ಜೇನು ಹಚ್ಚಂತ ಬರದಾಳಾ ಆಕಿ? ನಾ ಹೇಳಿದ್ರ ಮೂಢನಂಬಿಕಿ, ಆಕಿ ಹೇಳಿದ್ರ ಔಷಧ!"

"ನೀವು ಹೇಳಿದ್ದು ಅರಿಸಿನ."

"ಜೇನೂ ಹೇಳಾಕಿದ್ದೆ. ನೀ ಸಿಟ್ಟಿಗೆದ್ದಿ ಅಂತ ಬಿಟ್ಟೆ."

ಈ ಜೇನಿನಲ್ಲಿ ಬೇರೆ ಜೀವಿಗಳು ಉಳಿಯದ ಹಾಗೆ ಶುದ್ಧಮಾಡಿರುತ್ತಾರೆ, ಅಡುಗೆಮನೆಯ ಬಾಟಲಿಯಿಂದ ಹಚ್ಚುವ ಹಾಗಿಲ್ಲ ಎಂದೆ. ಜೇನು ಗಾಯದ ನೀರನ್ನು ಹೀರಿಕೊಂಡು ಜೀವಿಗಳನ್ನು ಒಣಗಿಸುತ್ತದೆ, ಹೊಸ ಲೋಳೆ ಕಟ್ಟಲು ಸುಲಭವಾಗಿ ಬಿಡುವುದಿಲ್ಲ. ಆದರೆ ಕೆರೆದು ಚೊಕ್ಕ ಮಾಡಿದ ಗಾಯಕ್ಕೇ ಅದು ಹೆಚ್ಚು ಒದಗುವುದು. ಅತ್ತೆ ತಲೆದೂಗಿದರು. "ತಿಕ್ಕಿದ ಲೋಟದಂಗ" ಎಂದರು.

ದಿನವೂ ಸಂಜೆ ಪಟ್ಟಿ ಬದಲಿಸುವ ಕೆಲಸ ನನ್ನದಾಯಿತು. ಮೊದಮೊದಲು ಅವರಿಗೆ ಸಂಕೋಚ. ಸೊಸೆಯ ಮಡಿಲಲ್ಲಿ ಕಾಲಿಡುವುದೆಂದರೆ! ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಬರಬರುತ್ತ ಕನ್ನಡಿ ತರಿಸಿಕೊಂಡು ತಾವೂ ನೋಡತೊಡಗಿದರು. ಕೆಂಪು ಹರಳಿನಂಥ ಹೊಸ ಮಾಂಸ ತಳದಿಂದ ಏಳುವುದು, ಅಂಚಿನಿಂದ ಗುಲಾಬಿ ಚರ್ಮ ಒಳಗೆ ತೆವಳುವುದು, ಎಲ್ಲವನ್ನೂ ಇಬ್ಬರೂ ಬಗ್ಗಿ ನೋಡುತ್ತಿದ್ದೆವು. ನನ್ನ ತವರಿನ ಸುದ್ದಿಯನ್ನು ಅವರು ಮೊದಲ ಸಲ ವಿವರವಾಗಿ ಕೇಳಿದ್ದು ಆ ಹೊತ್ತಿನಲ್ಲಿ.

ನನ್ನ ಕೆಲಸವೂ ಸ್ವಲ್ಪ ಬದಲಾಯಿತು. ಅಲ್ಲಿಯವರೆಗೆ ನಾನು ಬ್ಯಾಕ್ಟೀರಿಯಾವನ್ನೂ ಗಿಡದ ಸಾರವನ್ನೂ ಒಟ್ಟಿಗೇ ಗುಳಿಗಳಿಗೆ ಹಾಕುತ್ತಿದ್ದೆ. ಎಲ್ಲರೂ ಹಾಗೆ ಶುರುಮಾಡುತ್ತಾರೆ, ಫಲಿತಾಂಶವೂ ಚೆನ್ನಾಗಿ ಕಾಣುತ್ತದೆ. ಈಗ ಲೋಳೆಯನ್ನು ಹಳತಾಗಲು ಬಿಟ್ಟು ಆಮೇಲೆ ಸಾರ ಹಾಕತೊಡಗಿದೆ. ಬೆಳ್ಳಗಿರುತ್ತಿದ್ದ ಗುಳಿಗಳು ನೇರಳೆಯಾಗಿಯೇ ಉಳಿದವು. ಹಿರಿಯ ಸಹೋದ್ಯೋಗಿಯೊಬ್ಬರು ಚಿತ್ರಗಳನ್ನು ನೋಡಿ ನಿಟ್ಟುಸಿರು ಬಿಟ್ಟರು. ಆದರೆ ಲವಂಗದ ಸಾರವನ್ನು ಆಂಟಿಬಯಾಟಿಕ್ಕಿನ ಜೊತೆ ಹಾಕಿದಾಗ ಒಮ್ಮೊಮ್ಮೆ ಬಣ್ಣ ತುಸು ತೆಳುವಾಗುತ್ತದೆ. ಅದು ನಿಜವೋ ನನ್ನ ಆಸೆಯೋ ಎಂದು ಇನ್ನೂ ನೋಡುತ್ತಿದ್ದೇನೆ.

ದೀಪಾವಳಿಯ ಹೊತ್ತಿಗೆ ಅತ್ತೆ ಅಳತೆ ಕೊಟ್ಟು ಮಾಡಿಸಿದ ಮೆತ್ತನೆಯ ಬೂಟು ಹಾಕಿಕೊಂಡು ತರಕಾರಿ ಮಾರುಕಟ್ಟೆಗೆ ತಾವೇ ಹೋಗಿಬಂದರು. ಅಂಗಾಲಿನ ಸ್ಪರ್ಶ ಮರಳಿಲ್ಲ, ಮರಳುವುದೂ ಇಲ್ಲ. ಹಾಗಾಗಿ ಬೆಳಿಗ್ಗೆ ರಾತ್ರಿ ಎರಡೂ ಅಂಗಾಲುಗಳನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತಾರೆ.

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟು ಬಾಗಿಲಲ್ಲಿದ್ದಾಗ ಅವರು ಕೋಣೆಯಿಂದ ಕೂಗಿದರು. ಎಡಗಾಲಿನ ಹಿಮ್ಮಡಿಯಲ್ಲಿ ಸಣ್ಣ ಬಿರುಕು, ಸುತ್ತ ತುಸು ಕೆಂಪು. ಹಿಂದಿನ ರಾತ್ರಿ ಇರಲಿಲ್ಲ ಎಂದರು. ಗಂಡ ಆಗಲೇ ಕಚೇರಿಗೆ ಹೋಗಿದ್ದರು. ನಾನು ರಜೆ ಹೇಳಿದೆ. ಇಬ್ಬರೂ ರಾಮದಾಸಪೇಠಕ್ಕೆ ಹೋದೆವು. ಸರ್ಜನ್ ಬಿರುಕಿನ ಅಂಚಿನ ಗಡಸು ಚರ್ಮ ಹೆರೆದು, ತೊಳೆದು, ಸಣ್ಣ ಪಟ್ಟಿ ಹಾಕಿ ಕಳಿಸಿದರು.

ವಾಪಸು ಬರುವಾಗ ಅತ್ತೆಗೆ ಹಸಿವಾಗಿತ್ತು. ಧರಮಪೇಠದ ಮೂಲೆಯಲ್ಲಿ ಆಟೋ ನಿಲ್ಲಿಸಿ, ತಿಂಡಿ ಗಾಡಿಯ ಪಕ್ಕದ ನೆರಳಲ್ಲಿ ನಿಂತು ಇಬ್ಬರೂ ಅವಲಕ್ಕಿಯ ಪೋಹಾ ತಿಂದೆವು. ಅದರ ಮೇಲೆ ಸುರಿಯುವ ಕಡಲೆಯ ಖಾರದ ರಸವನ್ನು ಅವರು ಸ್ವಲ್ಪವೇ ಹಾಕಿಸಿಕೊಂಡರು. ಆಮೇಲೆ ಇನ್ನೊಂಚೂರು ಹಾಕು ಎಂದು ತಟ್ಟೆ ಮುಂದೆ ಹಿಡಿದರು.